ಐದುನೂರು ಪಟ್ಟಿಯಲ್ಲಿ ಹೆಸರಿದ್ದರೆ ಸಾಕೆ?



ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಕಾರ್ಯಸೂಚಿಯ ಕೊನೆಯ ಬಾಬತ್ತಿಗೆ ಬರುವ ಹೊತ್ತಿಗೆ ಊಟದ ವೇಳೆ ಮೀರಿರುತ್ತದೆ, ಅರ್ಧ ಸಭೆ ಕೈ ತೊಳೆಯಲು ಎದ್ದಿರುತ್ತದೆ. ಈ ಸಲದ ಕೊನೆಯ ಬಾಬತ್ತು ಸಂಘದ ಹಣದ ಖರ್ಚಿಗೆ ಸಂಬಂಧಪಟ್ಟಿರುವುದರಿಂದ ಅದರ ಬಗ್ಗೆ ಮುಂಚಿತವಾಗಿಯೇ ನಾಲ್ಕು ಮಾತು ಬರೆಯುವುದು ಒಳ್ಳೆಯದೆಂದು ಭಾವಿಸಿದ್ದೇನೆ. ಇದು ಆಡಳಿತ ಮಂಡಳಿಯ ನಿರ್ಣಯವಲ್ಲ, ನನ್ನ ಸ್ವಂತ ಅಭಿಪ್ರಾಯ. ಒಪ್ಪದವರು ಸಭೆಯಲ್ಲಿ ಎದ್ದು ನಿಂತು ಹೇಳಬಹುದು.

ವಿಷಯ ಇಷ್ಟು. ನಮ್ಮ ಸಂಘದ ಜಾಲತಾಣವನ್ನು ಐದುನೂರು ಆನ್‌ಲೈನ್ ಡೈರೆಕ್ಟರಿಗಳಿಗೆ ಸೇರಿಸಿಕೊಡುತ್ತೇವೆ, ಆಮೇಲೆ ಕಾಫಿ ಪುಡಿ ಎಂದೋ ಅಡಿಕೆ ಎಂದೋ ಗೂಗಲ್‌ನಲ್ಲಿ ಹುಡುಕಿದವರಿಗೆ ನಿಮ್ಮ ಸಂಘವೇ ಮೊದಲು ಕಾಣಿಸುತ್ತದೆ ಎಂದು ಖಾಸಗಿ ಸಂಸ್ಥೆಯೊಂದು ಬರೆದುಕೊಂಡಿದೆ. ಹಣವನ್ನು ಸಾಮಾನ್ಯ ಹಿತ ನಿಧಿಯಿಂದ ಕೊಡಬಹುದೆಂದು ನಮ್ಮ ಕೆಲವು ತರುಣ ಸದಸ್ಯರು ಸೂಚನೆ ಕಳುಹಿಸಿದ್ದಾರೆ. ಅವರ ಉದ್ದೇಶ ಒಳ್ಳೆಯದು. ಸಂಘದ ಕಾಫಿ ಪುಡಿಯೂ ಚಾಲಿ ಅಡಿಕೆಯೂ ನೇರವಾಗಿ ಬಳಸುವವರ ಕೈ ಸೇರಬೇಕು, ನಡುವಿನವರ ಪಾಲು ಬೆಳೆಗಾರನಿಗೆ ಸಿಗಬೇಕು ಎಂಬ ಅವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಈ ಐದುನೂರರ ಲೆಕ್ಕಕ್ಕೆ ಸಂಘದ ಒಂದು ರೂಪಾಯಿಯೂ ಹೋಗಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಡೈರೆಕ್ಟರಿ ಎಂಬುದು ನಮಗೆ ಹೊಸ ಪದಾರ್ಥವೇನಲ್ಲ. 1893ರಲ್ಲಿ ಹುಟ್ಟಿದ ಉಪಾಸಿ ಸಂಸ್ಥೆ ದಕ್ಷಿಣ ಭಾರತದ ತೋಟಗಳ ಪ್ಲಾಂಟಿಂಗ್ ಡೈರೆಕ್ಟರಿಯನ್ನು ಹೊರತರುತ್ತಿತ್ತು. ದೊಡ್ಡ ಎಸ್ಟೇಟಿನವರ ಮೇಜಿನ ಮೇಲೆ ಅದು ಇರುತ್ತಿತ್ತು. ಮೂರು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆಯ ನಮ್ಮ ಅಜ್ಜಂದಿರಿಗೆ ಅದರಲ್ಲಿ ಜಾಗವಿರಲಿಲ್ಲ. ಅದರಿಂದ ಅವರಿಗೆ ನಷ್ಟವೂ ಆಗಲಿಲ್ಲವೆನ್ನಿ, ಏಕೆಂದರೆ 1942ರ ಕಾಯಿದೆಯಡಿ ಕಾಫಿಯೆಲ್ಲ ಮಂಡಳಿಯ ಪೂಲಿಗೆ ಹೋಗುತ್ತಿತ್ತು. ಕೊಳ್ಳುವವನಿಗೆ ಬೆಳೆದವನ ಹೆಸರು ಬೇಕಿರಲಿಲ್ಲ, ಬೆಳೆದವನಿಗೆ ಕೊಳ್ಳುವವನ ಮುಖ ಗೊತ್ತಿರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಆ ಪದ್ಧತಿ ಮುಗಿಯಿತು. ಅಂದಿನಿಂದ ನಮ್ಮ ಕಾಫಿಗೆ ಹೆಸರೊಂದು ಬೇಕಾಯಿತು, ಆ ಹೆಸರು ಕೊಳ್ಳುವವನಿಗೆ ಸಿಗುವಂತಿರಬೇಕಾಯಿತು. ಅಡಿಕೆಯವರಿಗೆ ಈ ಪಾಠ ಮೊದಲೇ ಆಗಿತ್ತು. ಧಾರಣೆ ಕುಸಿದು ಕಂಗಾಲಾದ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದಾಗ, ಬೆಳೆಗಾರನದೇ ಆದ ಒಂದು ಹೆಸರು ಪೇಟೆಯಲ್ಲಿ ನಿಂತಿತು.

ಆದ್ದರಿಂದ ಹೆಸರು ಕಾಣಿಸಬೇಕೆಂಬ ಬಗ್ಗೆ ನನಗೆ ತಕರಾರಿಲ್ಲ. ಯಾವ ಪಟ್ಟಿಯಲ್ಲಿ ಕಾಣಿಸಬೇಕು, ಆ ಪಟ್ಟಿಯನ್ನು ಯಾರು ತೆರೆದು ನೋಡುತ್ತಾರೆ ಎಂಬುದಷ್ಟೇ ಪ್ರಶ್ನೆ.

ಅಂತರಜಾಲದ ಡೈರೆಕ್ಟರಿಗಳ ಕಥೆ ಮೂವತ್ತು ವರ್ಷದ್ದು. 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೊ ಎಂಬ ಇಬ್ಬರು ವಿದ್ಯಾರ್ಥಿಗಳು ತಮಗೆ ಕಂಡ ಜಾಲತಾಣಗಳನ್ನು ವಿಷಯವಾರು ವಿಂಗಡಿಸಿ ಪಟ್ಟಿ ಮಾಡಿದರು. ಅದೇ ಮುಂದೆ ಯಾಹೂ ಆಯಿತು. ಆ ಪಟ್ಟಿಯನ್ನು ಮನುಷ್ಯರು ಕುಳಿತು ನೋಡಿ ಸೇರಿಸುತ್ತಿದ್ದರು. ವ್ಯಾಪಾರದ ಜಾಲತಾಣವಾದರೆ ವರ್ಷಕ್ಕೆ 299 ಡಾಲರ್ ಕಟ್ಟಬೇಕೆಂಬ ನಿಯಮವೂ ಬಂತು, ಜನ ಕಟ್ಟುತ್ತಲೂ ಇದ್ದರು. 1998ರಲ್ಲಿ ಡಿಮಾಜ್ ಎಂಬ ಇನ್ನೊಂದು ಪಟ್ಟಿ ಹುಟ್ಟಿತು. ಅದನ್ನು ಸಾವಿರಾರು ಸ್ವಯಂಸೇವಕರು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು, ನಮ್ಮ ಸಂಘದ ನಿರ್ದೇಶಕರ ಹಾಗೆ. ಆ ದಿನಗಳಲ್ಲಿ ಇಂಥ ಪಟ್ಟಿಯಲ್ಲಿ ಹೆಸರು ಬಂದರೆ ಗೌರವವೂ ಇತ್ತು, ಪ್ರಯೋಜನವೂ ಇತ್ತು.

ಅದೇ 1998ರಲ್ಲಿ ಗೂಗಲ್ ಬಂತು. ಅದರ ಯುಕ್ತಿ ಸರಳ. ಒಂದು ಜಾಲತಾಣ ತನ್ನ ಪುಟದಲ್ಲಿ ಇನ್ನೊಂದರ ವಿಳಾಸ ಕೊಟ್ಟರೆ, ಅಂದರೆ ಲಿಂಕ್ ಕೊಟ್ಟರೆ, ಅದು ಒಂದು ಮತ ಹಾಕಿದಂತೆ. ಹೆಚ್ಚು ಮತ ಪಡೆದವರು, ಅದರಲ್ಲೂ ಗೌರವಸ್ಥರ ಮತ ಪಡೆದವರು ಮೇಲೆ ಬರುತ್ತಾರೆ. ಮತ ಎಂದ ಮೇಲೆ ಮುಂದಿನದನ್ನು ಸಹಕಾರಿಗಳಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಸಂಘದ ಚುನಾವಣೆ ಹತ್ತಿರವಾದಾಗ ಷೇರು ಹಣ ತಾವೇ ಕಟ್ಟಿ ಊರಲ್ಲಿಲ್ಲದವರನ್ನೆಲ್ಲ ಸದಸ್ಯರನ್ನಾಗಿ ಮಾಡುವುದನ್ನು ನಾವು ಕಂಡಿಲ್ಲವೆ? ಹಾಗೆಯೇ ಮತ ಹಾಕುವುದಕ್ಕೆಂದೇ ಸಾವಿರಾರು ಡೈರೆಕ್ಟರಿಗಳು ಹುಟ್ಟಿಕೊಂಡವು. ಅವುಗಳಿಗೆ ಓದುಗರಿಲ್ಲ, ನೋಡಿಕೊಳ್ಳುವವರಿಲ್ಲ. ಹಲ್ಲಿನ ಡಾಕ್ಟರು, ಬೋರ್‌ವೆಲ್ ಲಾರಿ, ಜಾತಕ ಹೇಳುವವರು, ಕಾಫಿ ಸಂಘ, ಎಲ್ಲರೂ ಒಂದೇ ಪುಟದಲ್ಲಿ.

ಗೂಗಲ್‌ನವರೇನು ಕಣ್ಣು ಮುಚ್ಚಿ ಕುಳಿತಿರಲಿಲ್ಲ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಹೆಸರಿನ ಬದಲಾವಣೆ ತಂದು, ಕೊಂಡ ಮತಗಳ ಬಲದಿಂದ ಮೇಲೆ ಕುಳಿತವರನ್ನು ಕೆಳಕ್ಕೆ ಇಳಿಸಿದರು. ಕಳಪೆ ಡೈರೆಕ್ಟರಿಗಳ ಲಿಂಕುಗಳನ್ನು ತಾವು ಮೋಸದ ಲೆಕ್ಕಕ್ಕೆ ಹಾಕುತ್ತೇವೆಂದು ಅವರ ನಿಯಮಾವಳಿಯಲ್ಲಿ ಬರೆದೇ ಇದೆ. ಒಳ್ಳೆಯ ಪಟ್ಟಿಗಳೂ ಬಹಳ ಕಾಲ ಉಳಿಯಲಿಲ್ಲ. ಯಾಹೂ ಡೈರೆಕ್ಟರಿ 2014ರ ಕೊನೆಯಲ್ಲಿ ಬಾಗಿಲು ಮುಚ್ಚಿತು, ಡಿಮಾಜ್ 2017ರ ಮಾರ್ಚ್‌ನಲ್ಲಿ. ದೊಡ್ಡ ಮನೆಗಳೇ ಬಿದ್ದ ಮೇಲೆ ಅವುಗಳ ನೆರಳಿನಲ್ಲಿ ಹುಟ್ಟಿದ ಐದುನೂರು ಜೋಪಡಿಗಳಿಗೆ ನಮ್ಮ ಹೆಸರು ಸೇರಿಸಲು ಇಂದಿಗೂ ಹಣ ಕೇಳುತ್ತಾರೆ ಎಂದರೆ, ಕೇಳುವವರ ಧೈರ್ಯವನ್ನು ಮೆಚ್ಚಬೇಕು.

ಹಣ ಹೋದರೆ ಹೋಯಿತು, ತೊಂದರೆಯೇನು ಎಂದು ಕೇಳುವವರಿಗಾಗಿ ಕಳೆದ ವರ್ಷ ನಡೆದ ಒಂದು ಸಂಗತಿ ಹೇಳಬೇಕು.

ಧಾರವಾಡದ ಕೃಷಿ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಸ್ನೇಹಿತರೊಬ್ಬರು ಚಿತ್ತಾಪುರ ತಾಲ್ಲೂಕಿನ ನಾಲವಾರದವರು. ವಾಡಿ ಜಂಕ್ಷನ್ ಬಿಟ್ಟು ರಾಯಚೂರಿನ ಕಡೆ ಹೋಗುವ ರೈಲು ದಾರಿಯಲ್ಲಿ ಸಿಗುವ ಊರು. ಕಾಫಿ ಗಿಡವನ್ನು ಕಂಡರಿಯದ ಸೀಮೆ ಅದು, ತೊಗರಿಯ ನೆಲ, ಹಾಸುಗಲ್ಲಿನ ನೆಲ. ಮಗಳ ಮದುವೆಗೆ ಬಂದ ಬೀಗರಿಗೆ ಕೊಡಲು ನಮ್ಮ ಸಂಘದ ಕಾಫಿ ಪುಡಿಯೇ ಆಗಬೇಕೆಂದು ಅವರಿಗೆ ಆಸೆ. ನನಗೆ ತಿಳಿಸದೆ ಕೊಳ್ಳಬೇಕೆಂದು ಫೋನಿನಲ್ಲಿ ಸಂಘದ ಹೆಸರು ಹುಡುಕಿದರು. ಹೆಸರು ಸಿಕ್ಕಿತು, ಕೆಳಗೆ ಒಂದು ನಂಬರೂ ಸಿಕ್ಕಿತು. ಕರೆ ಮಾಡಿದರೆ ಆ ಕಡೆಯವರು ‘ಹೌದು, ಸಂಘದಿಂದಲೇ’ ಎಂದರು. ಹಣ ಹೋಯಿತು, ಪುಡಿ ಬಂತು. ವಾರದ ನಂತರ ನನಗೆ ಫೋನು: ‘ಏನಪಾ, ನಿಮ್ಮ ಸಂಘದ ಪುಡ್ಯಾಗ ಕಾಫಿಕಿಂತ ಚಿಕೋರಿನೇ ಜಾಸ್ತಿ ಅದ ಅಲ್ಲ!’

ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದೆಂದು ಕಾನೂನೇ ಇದೆ. ನಾವಂತೂ ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುವವರು. ನಮ್ಮ ಗುಮಾಸ್ತರನ್ನು ಕೂರಿಸಿಕೊಂಡು ನೋಡಿದಾಗ ತಿಳಿದದ್ದು ಇದು: ನಕ್ಷೆಯಲ್ಲಿ ನಮ್ಮ ಸಂಘದ ಹೆಸರಿನ ಕೆಳಗೆ ಯಾರೋ ವ್ಯಾಪಾರಸ್ಥರು ತಮ್ಮ ನಂಬರು ಕೂರಿಸಿದ್ದರು. ಗೂಗಲ್‌ನ ನಕ್ಷೆಯಲ್ಲಿ ಯಾವುದೇ ಅಂಗಡಿಯ ವಿವರಕ್ಕೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಆ ಜಾಗ ತನ್ನದೆಂದು ಯಾರೂ ಮುಂದೆ ಬಂದು ಹೇಳಿರದಿದ್ದರೆ ಅಂಥ ತಿದ್ದುಪಡಿ ನಿಂತುಬಿಡುವುದೂ ಉಂಟು. ನಕ್ಷೆಯಲ್ಲಿನ ತಪ್ಪನ್ನು ನಾವು ಕೆಲವೇ ದಿನಗಳಲ್ಲಿ ಸರಿಪಡಿಸಿಕೊಂಡೆವು. ಕಷ್ಟವಿದ್ದದ್ದು ಅಲ್ಲಲ್ಲ. ಆ ತಪ್ಪು ನಂಬರನ್ನು ಹೆಸರೇ ಕೇಳಿರದ ಹತ್ತಾರು ಡೈರೆಕ್ಟರಿಗಳು ಒಂದನ್ನು ನೋಡಿ ಇನ್ನೊಂದು ನಕಲು ಮಾಡಿಕೊಂಡಿದ್ದವು. ಅವರಿಗೆ ಬರೆದ ಪತ್ರಗಳಿಗೆ ಉತ್ತರವಿಲ್ಲ, ಕರೆಗೆ ಓಗೊಡುವವರಿಲ್ಲ. ಇಂದಿಗೂ ಎರಡು ಮೂರು ಕಡೆ ಅದೇ ನಂಬರು ಕುಳಿತಿದೆ. ಹತ್ತಾರು ಪಟ್ಟಿಗಳನ್ನು ತಿದ್ದಿಸುವುದರಲ್ಲೇ ಗುಮಾಸ್ತರು ಸೋತರು. ಐದುನೂರನ್ನು ನಾವೇ ಹಣ ಕೊಟ್ಟು ತಂದುಕೊಂಡರೆ, ನಾಳೆ ಕಚೇರಿಯ ದೂರವಾಣಿ ಬದಲಾದ ದಿನ ತಿದ್ದುವವರು ಯಾರು?

ಈ ಗೋಳನ್ನು ಹೇಳಿಕೊಂಡಾಗ ನನ್ನ ಸ್ನೇಹಿತರು ನಕ್ಕುಬಿಟ್ಟರು. ‘ನಿಮ್ದು ಬರೇ ನಂಬರ್ ತಪ್ಪ್ಯಾದ. ನಮ್ ಕಡಿ ಊರೇ ಸಿಗಂಗಿಲ್ಲ ನೋಡಪಾ’ ಎಂದರು. ಅವರ ಮಾತಿನಲ್ಲಿ ಬಹಳ ತಥ್ಯವಿದೆ. ನಾಲವಾರವನ್ನು ಇಂಗ್ಲಿಷಿನಲ್ಲಿ ಒಬ್ಬರು ‘ಡಬ್ಲ್ಯೂ’ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ‘ವಿ’ ಹಾಕುತ್ತಾರೆ, ನಡುವೆ ಒಂದು ‘ಎ’ ಹಾಕುವವರೂ ಉಂಟು, ಬಿಡುವವರೂ ಉಂಟು. ಓದುವ ಮನುಷ್ಯನಿಗೆ ಎಲ್ಲವೂ ಒಂದೇ ಊರು, ಯಂತ್ರಕ್ಕೆ ಅದೇ ಖಾತ್ರಿಯಿಲ್ಲ. ಪಕ್ಕದ ವಾಡಿಯ ಪಾಡು ಇನ್ನೂ ವಿಚಿತ್ರ. 1968ರಿಂದ ಸಿಮೆಂಟ್ ಕಾರ್ಖಾನೆಯಿರುವ, ಮುಂಬಯಿ–ಚೆನ್ನೈ ದಾರಿಯಿಂದ ಸಿಕಂದರಾಬಾದಿನ ದಾರಿ ಕವಲೊಡೆಯುವ ದೊಡ್ಡ ಜಂಕ್ಷನ್ ಅದು. ಆದರೆ ಬರೇ ‘ವಾಡಿ’ ಎಂದು ಹುಡುಕಿದರೆ ನಾಗಪುರದ ಪಕ್ಕದ ವಾಡಿ ಬಂದೀತು, ಮಹಾರಾಷ್ಟ್ರದ ನೂರು ವಾಡಿಗಳು ಬಂದಾವು. ಅರಬ್ಬೀ ಭಾಷೆಯಲ್ಲಿ ವಾಡಿ ಎಂದರೆ ಕಣಿವೆಯಂತೆ, ಜೋರ್ಡಾನ್ ದೇಶದ ಮರಳುಗಾಡೂ ಬಂದೀತು.

ಶಹಾಬಾದಿನದು ನಮಗೆ ಹತ್ತಿರದ ಉದಾಹರಣೆ. ನಮ್ಮಲ್ಲಿ ಎಷ್ಟೋ ಹಳೆಯ ಮನೆಗಳ ಜಗಲಿಗೆ, ಅಡುಗೆಮನೆಗೆ ಹಾಸಿರುವುದು ಶಹಾಬಾದ್ ಕಲ್ಲು. ಕಲ್ಲಿನ ಹೆಸರು ದೇಶಕ್ಕೆಲ್ಲ ಗೊತ್ತು. ಕಲ್ಲು ತೆಗೆಯುವವನನ್ನು ಹುಡುಕಿಕೊಂಡು ಹೊರಟರೆ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲೊಂದು ಶಹಾಬಾದ್, ಉತ್ತರ ಪ್ರದೇಶದ ಹರ್ದೋಯಿಯಲ್ಲೊಂದು, ರಾಂಪುರದಲ್ಲೊಂದು, ರಾಜಸ್ಥಾನದ ಬಾರಾಂ ಜಿಲ್ಲೆಯಲ್ಲೊಂದು. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿಗೂ ಇದೇ ಗತಿ ಬರುತ್ತಿದೆಯಲ್ಲವೆ? ಊರಿನ ಹೆಸರಿಗೆ ಬೆಲೆ ಬಂದಿದೆ, ಆ ಬೆಲೆ ಊರಿನಲ್ಲಿ ಬೆಳೆದವನಿಗೆ ಮುಟ್ಟುತ್ತಿಲ್ಲ.

ಈ ಗೊಂದಲಕ್ಕೆ ಮದ್ದನ್ನು ನಮ್ಮ ಅಂಚೆ ಇಲಾಖೆಯವರು ಐವತ್ತು ವರ್ಷಗಳ ಹಿಂದೆಯೇ ಕಂಡುಹಿಡಿದಿದ್ದರು. ಒಂದೇ ಹೆಸರಿನ ಹಲವು ಊರುಗಳು, ಒಂದೊಂದು ಭಾಷೆಯಲ್ಲಿ ಒಂದೊಂದು ಬರವಣಿಗೆ, ಇದರಿಂದ ಕಾಗದಗಳು ದಾರಿ ತಪ್ಪುತ್ತಿವೆಯೆಂದು 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಕೋಡ್ ಜಾರಿಗೆ ಬಂತು. ಅದರ ಹಿಂದಿದ್ದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದ ಕವಿಯೂ ಹೌದು. ಹರಿಯಾಣದ ಶಹಾಬಾದಿನ ಪಿನ್ 1ರಿಂದ ಶುರುವಾಗುತ್ತದೆ, ಉತ್ತರ ಪ್ರದೇಶದವು 2ರಿಂದ, ರಾಜಸ್ಥಾನದ್ದು 3ರಿಂದ, ಕಲಬುರಗಿ ಜಿಲ್ಲೆಯದು 585ರಿಂದ. ಚಿಕ್ಕಮಗಳೂರು ಕಡೆಗೆ 577, ಕೊಡಗಿಗೆ 571. ಇಂದಿಗೂ ಅಂತರಜಾಲದಲ್ಲಿ ಒಂದು ಸಂಸ್ಥೆಯನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದಕ್ಕೆ ಹೆಸರು, ಪಿನ್ ಸಹಿತ ಪೂರ್ತಿ ವಿಳಾಸ, ದೂರವಾಣಿ, ಈ ಮೂರೇ ಮುಖ್ಯ ಆಧಾರ. ಮೂರೂ ಎಲ್ಲ ಕಡೆ ಅಕ್ಷರಶಃ ಒಂದೇ ರೀತಿ ಇರಬೇಕು. ಒಂದು ಕಡೆ ‘ಸಹಕಾರ ಸಂಘ’, ಇನ್ನೊಂದು ಕಡೆ ‘ಸೊಸೈಟಿ’, ಮತ್ತೊಂದು ಕಡೆ ಬರೇ ‘ಕಾಫಿ ಡಿಪೋ’ ಎಂದಿದ್ದರೆ ಯಂತ್ರ ನಮ್ಮನ್ನು ಮೂರು ಸಂಘವೆಂದುಕೊಂಡರೆ ಅದರ ತಪ್ಪಲ್ಲ. ಸಂಘದ ಬೋರ್ಡು, ರಸೀದಿ ಪುಸ್ತಕ, ಪುಡಿಯ ಪೊಟ್ಟಣ ಇವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಮೂರಕ್ಕೂ ಮೂರು ಹೆಸರು!

ನಮ್ಮ ನಾಡಿನಲ್ಲಿ ಇನ್ನೊಂದು ತೊಡಕಿದೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಬರವಣಿಗೆ ಬದಲಾಯಿತು. ಗುಲ್ಬರ್ಗ ಕಲಬುರಗಿಯಾಯಿತು, ರೈಲು ನಿಲ್ದಾಣದ ಸಂಕೇತವೂ ‘ಜಿಆರ್’ ಹೋಗಿ ‘ಕೆಎಲ್‌ಬಿಜಿ’ ಆಯಿತು. ಮಾಡಿದ್ದು ಸರಿಯೇ. ಆದರೆ 2019ರಲ್ಲಿ ಅಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಾಗ ದಾಖಲೆಯಲ್ಲಿ ಬಿದ್ದದ್ದು ಗುಲ್ಬರ್ಗ ಎಂಬ ಹಳೆಯ ಹೆಸರೇ. ಅದೇ ವರ್ಷ ನಮ್ಮ ಕಾಫಿಗಳಿಗೂ ಗುರುತು ಸಿಕ್ಕಿತು. ಅಲ್ಲಿ ‘ಕೂರ್ಗ್ ಅರೇಬಿಕಾ’ ಎಂದಿದೆ, ಕೊಡಗು ಎಂದಿಲ್ಲ. ‘ಚಿಕ್ಮಗಳೂರ್ ಅರೇಬಿಕಾ’ ಎಂದೂ ಹಳೆಯ ಇಂಗ್ಲಿಷ್ ಬರವಣಿಗೆಯೇ. ಪರದೇಶದ ಕೊಳ್ಳುವವನು ಹಳೆಯ ಹೆಸರಿನಿಂದ ಹುಡುಕುತ್ತಾನೆ, ನಮ್ಮ ಮಕ್ಕಳು ಹೊಸದರಿಂದ ಹುಡುಕುತ್ತಾರೆ. ಸಂಘದ ಹೆಸರು ವಿಳಾಸ ಎಲ್ಲೆಡೆ ಒಂದೇ ಇರಲಿ, ಊರಿನ ಹಳೆಯ ಹೊಸ ಹೆಸರುಗಳೆರಡೂ ನಮ್ಮ ಸ್ವಂತ ಪುಟದ ಬರಹದೊಳಗೆ ಬರಲಿ. ಅಡಿಕೆಗೂ ಹಾಗೆಯೇ: ಸುಪಾರಿ ಎನ್ನುವವರುಂಟು, ಬೀಟಲ್ ನಟ್ ಎನ್ನುವವರುಂಟು, ಚಾಲಿ, ರಾಶಿ, ಬೆಟ್ಟೆ ಎಂದು ಗೊತ್ತಿದ್ದು ಕೇಳುವವರುಂಟು.

ಹಾಗಾದರೆ ಯಾವ ಪಟ್ಟಿ ಬೇಕು? ನನ್ನ ಮಟ್ಟಿಗೆ ಬೆರಳೆಣಿಕೆಯಷ್ಟು. ಗೂಗಲ್‌ನಲ್ಲಿ ಸಂಘದ ಪ್ರೊಫೈಲ್ ಈಗ ನಮ್ಮ ಕೈಯಲ್ಲಿದೆ, ಅದನ್ನು ಬಿಡಕೂಡದು. ಇದಕ್ಕೆ ಶುಲ್ಕವಿಲ್ಲ. ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಹಣ ಕಟ್ಟದಿದ್ದರೆ ನಿಮ್ಮ ಹೆಸರು ತೆಗೆಯುತ್ತೇವೆ’ ಎಂದು ಹೋಂಸ್ಟೇ ನಡೆಸುವ ನಮ್ಮ ಸದಸ್ಯರಿಗೆ ಕರೆ ಬರುತ್ತಿದೆ, ಅದನ್ನು ನಂಬಬೇಡಿ. ಆ ಪ್ರೊಫೈಲಿನ ಪಾಸ್‌ವರ್ಡ್ ಗುಮಾಸ್ತರ ಸ್ವಂತ ಫೋನಿನಲ್ಲಿರಬಾರದು. ಕಾರ್ಯದರ್ಶಿ ಬದಲಾಗುವಾಗ ಗೋದಾಮಿನ ಬೀಗದ ಕೈ ಜೊತೆಗೆ ಅದೂ ಪ್ರಭಾರ ಪಟ್ಟಿಯಲ್ಲಿ ಬರಬೇಕು. ಜಸ್ಟ್ ಡಯಲ್, ಇಂಡಿಯಾಮಾರ್ಟ್ ಎರಡೂ 1996ರಲ್ಲಿ ಆರಂಭವಾದವು, ಜನ ಇಂದಿಗೂ ಅಲ್ಲಿ ಹುಡುಕುತ್ತಾರೆ. ಹೆಸರು ಸೇರಿಸುವುದು ಪುಕ್ಕಟೆ, ಅಷ್ಟಕ್ಕೆ ನಿಲ್ಲಿಸೋಣ. ಭೌಗೋಳಿಕ ಗುರುತಿನ ಚೆನ್ನೈ ಕಚೇರಿಯಲ್ಲಿ ಅಧಿಕೃತ ಬಳಕೆದಾರರ ದಾಖಲೆಯಿದೆ. ಅರ್ಹತೆಯುಳ್ಳ ಸದಸ್ಯರು ಅದರಲ್ಲಿ ಹೆಸರು ನೋಂದಾಯಿಸಿದರೆ ಯಾವ ಐದುನೂರಕ್ಕೂ ಅದು ಮೇಲು, ಏಕೆಂದರೆ ಅದು ಕಾನೂನಿನ ಪಟ್ಟಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಊರು, ಸಂಘಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಯಾರು ಬೇಕಾದರೂ ಸೇರಿಸಬಹುದು. ನಾಲವಾರದ ಸ್ನೇಹಿತರಿಗೂ ಇದನ್ನೇ ಹೇಳಿದ್ದೇನೆ.

ಇನ್ನು ಗೂಗಲ್‌ಗೆ ನಮ್ಮ ಜಾಲತಾಣದ ಪುಟಗಳ ಪಟ್ಟಿಯನ್ನು ನೇರವಾಗಿ ಒಪ್ಪಿಸಲು ಅವರದೇ ಸರ್ಚ್ ಕನ್ಸೋಲ್ ಎಂಬ ವ್ಯವಸ್ಥೆಯಿದೆ. ಇದಕ್ಕೂ ಹಣವಿಲ್ಲ. ನಮ್ಮ ಸದಸ್ಯರ ಮಕ್ಕಳಲ್ಲಿ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವರು ಎಷ್ಟು ಮಂದಿಯಿಲ್ಲ? ದೀಪಾವಳಿಗೆ ಬಂದಾಗ ಒಂದು ಮಧ್ಯಾಹ್ನ ಕಚೇರಿಗೆ ಕರೆದರೆ ಆಗುವ ಕೆಲಸ ಅದು.

ಆದರೆ ಪುಟದಲ್ಲಿ ಏನಿದೆ ಒಪ್ಪಿಸಲು? ಅಧ್ಯಕ್ಷರ ಭಾವಚಿತ್ರ, ಉಪಾಧ್ಯಕ್ಷರ ಭಾವಚಿತ್ರ, ನನ್ನದೂ ಒಂದು. ಕೊಳ್ಳುವವನಿಗೆ ಅದರಿಂದೇನು? ಈ ವರ್ಷದ ಅರೇಬಿಕಾ ಪಾರ್ಚ್‌ಮೆಂಟ್ ಯಾವಾಗ ಸಿದ್ಧವಾಗುತ್ತದೆ, ರೊಬಸ್ಟಾ ಚೆರಿ ಎಷ್ಟು ಮೂಟೆಯಿದೆ, ಪುಡಿಯಲ್ಲಿ ಚಿಕೋರಿ ಎಷ್ಟು, ಅದಿಲ್ಲದ್ದು ಸಿಗುತ್ತದೆಯೆ, ಚಾಲಿ ಎಷ್ಟು ದಿನ ಒಣಗಿದ್ದು, ಅಂಚೆಯಲ್ಲಿ ಕಳುಹಿಸುತ್ತೀರಾ, ಇವು ಜನ ಕೇಳುವ ಪ್ರಶ್ನೆಗಳು. ಇವಕ್ಕೆ ಉತ್ತರ ನಮ್ಮ ಪುಟದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದ್ದರೆ ಹುಡುಕುವವನು ಬಂದೇ ಬರುತ್ತಾನೆ. ಈಗೀಗ ಜನ ಪಟ್ಟಿಯನ್ನೂ ನೋಡದೆ, ಯಂತ್ರವೇ ಬರೆದುಕೊಡುವ ಉತ್ತರವನ್ನು ಓದಿ ಮುಗಿಸುತ್ತಾರೆ. ಆ ಯಂತ್ರವೂ ಎಲ್ಲಿಂದಲೋ ಓದಿಯೇ ಬರೆಯಬೇಕಷ್ಟೆ.

ತರುಣ ಸದಸ್ಯರ ಒಂದು ವಾದ ನನಗೆ ಸರಿಯೆನಿಸಿದೆ. ಪ್ರೊಫೈಲನ್ನು ನೋಡಿಕೊಳ್ಳಲು, ಬಂದ ಪ್ರಶ್ನೆಗೆ ಅದೇ ದಿನ ಉತ್ತರಿಸಲು ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ಆದ್ದರಿಂದ ಹೊರಗಿನವರಿಗೆ ಕೊಡೋಣ ಎನ್ನುತ್ತಾರೆ. ಪುರುಸೊತ್ತಿಲ್ಲವೆಂಬುದು ನಿಜ. ಕೊಯ್ಲಿನ ತಿಂಗಳುಗಳಲ್ಲಂತೂ ಫೋನೆತ್ತುವವರೂ ಇರುವುದಿಲ್ಲ. ಅದಕ್ಕೆ ನನ್ನ ಪರ್ಯಾಯ ಸೂಚನೆ ಇದು: ಅದೇ ಹಣವನ್ನು ಸದಸ್ಯರ ಕುಟುಂಬದ ಓದಿದ ಹೆಣ್ಣುಮಗಳಿಗೋ ಹುಡುಗನಿಗೋ ದಿನಕ್ಕೆ ಎರಡು ಗಂಟೆಯ ಕೆಲಸಕ್ಕೆ ಗೌರವಧನವಾಗಿ ಒಂದು ವರ್ಷ ಕೊಡೋಣ. ಇದನ್ನು ತಿದ್ದುಪಡಿಯಾಗಿ ಸಭೆಯ ಮುಂದಿಡಲು ಅಧ್ಯಕ್ಷರ ಅನುಮತಿ ಕೇಳಿದ್ದೇನೆ.

ಈ ಸಂಚಿಕೆಯ ಜೊತೆಗೆ ಒಂದು ನಮೂನೆ ಲಗತ್ತಿಸಿದೆ. ನೇರ ಮಾರಾಟ ಅಥವಾ ಹೋಂಸ್ಟೇ ಇರುವ ಸದಸ್ಯರು ತೋಟದ ಹೆಸರು, ಅಂಚೆ ವಿಳಾಸ, ಪಿನ್, ಸದಾ ಎತ್ತುವ ಒಂದೇ ಒಂದು ದೂರವಾಣಿ ಸಂಖ್ಯೆ ಇಷ್ಟನ್ನು ತುಂಬಿ ಮಹಾಸಭೆಗೆ ಮೊದಲು ಕಚೇರಿಗೆ ತಲುಪಿಸಬೇಕು. ಕನ್ನಡದಲ್ಲಿ ಬರೆದರೆ ಸಾಕು. ಇಂಗ್ಲಿಷಿನಲ್ಲೂ ಬರೆಯುವವರು ತೋಟದ ಗೇಟಿನ ಮೇಲೆ ಹೇಗಿದೆಯೋ ಹಾಗೆಯೇ ಬರೆಯಿರಿ.